ಕೂಲರ್ ಬಿಚ್ಚಿದೆ, ಚಿಕ್ಕಮ್ಮಾ

ನನ್ನ ಚಿಕ್ಕಮ್ಮಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದನ್ನು ಓದು: ಗಾಡಿ ಎದ್ದಿದೆ! ನಿನ್ನ ಗಾಡಿ! ಯೂನಿಯನ್ ಶೆಡ್ಡಿನ ಮೂಲೆಯಲ್ಲಿ ಹರಿದ ಬ್ಯಾನರುಗಳ ಕೆಳಗೆ ಇಷ್ಟು ವರ್ಷ ಹೆಣದ ಹಾಗೆ ಬಿದ್ದಿತ್ತಲ್ಲ, ಆ ಮೋಟಾರ್ ಸೈಕಲ್ ಇವತ್ತು ಮಧ್ಯಾಹ್ನ ಗುಡುಗಿತು. ತಗಡಿನ ಮಾಡು ನಡುಗಿತು. ಪಕ್ಕದ ಇಸ್ತ್ರಿ ಅಂಗಡಿಯವನು ಪೆಟ್ಟಿಗೆಯನ್ನು ಕೈಯಲ್ಲೇ ಹಿಡಿದುಕೊಂಡು "ಏನಾಯ್ತ್ರೀ, ಗೋಡೆ ಬಿತ್ತಾ?" ಅಂತ ಓಡಿಬಂದ. ಗಾಡಿ ಓಡಿಸಿ ಬಂದವಳೇ ಬರೆಯಲು ಕೂತಿದ್ದೇನೆ, ಅಕ್ಷರ ವಕ್ರವಾಗಿದ್ದರೆ ಬೈಯಬೇಡ. ಉಗುರಿನ ಸಂದಿಯ ಎಣ್ಣೆ ಕಾಗದದ ಅಂಚಿಗೂ ಹತ್ತಿದೆ. ಮೂಸಿ ನೋಡು, ಗುರುತು ಸಿಗುತ್ತದೆ.

ಇನ್ನು ನೀನು ಬೈಯಲೇಬೇಕಾದ ವಿಷಯ. ಆಯಿಲ್ ಕೂಲರ್ ಬಿಚ್ಚಿದ್ದೇನೆ.

"ಅದನ್ನ ಮುಟ್ಟಿದ್ರೆ ಕೈ ಮುರೀತೀನಿ" ಅಂದಿದ್ದೆ ನೀನು. ಶೆಡ್ಡಿನ ಬಾಗಿಲಲ್ಲಿ ನಿಂತು, ಬೆರಳು ತೋರಿಸಿ ಅಂದಿದ್ದೆ. ಮುಟ್ಟಿದ್ದೇನೆ. ಈಗ ಬಂದು ಮುರಿ. ನೀನು ಬರಲಿ ಎಂದೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನಡುವೆಯೇ ಇಟ್ಟುಬಿಡುತ್ತೀಯ. ಅಚ್ಚಾದ ಚೀಟಿಯಿರಲಿ, ಕೈಬರಹವಿರಲಿ, ಅಕ್ಷರ ಕಂಡರೆ ಕೊನೆಯವರೆಗೂ ಓದದೆ ಬಿಡಲಾರದ ಚಟ ನಿನ್ನದು. ಆ ಚಟವನ್ನು ನಂಬಿ ಬರೆಯುತ್ತಿದ್ದೇನೆ.

ಬರುವ ಭಾನುವಾರ ಹೊಲಿಗೆ ಫ್ಯಾಕ್ಟರಿಯ ಹೆಣ್ಣುಮಕ್ಕಳ ಮೊದಲ ಮೆರವಣಿಗೆ. ಅವರು ಯೂನಿಯನ್ ಕಟ್ಟಿದ್ದು ನಿನಗೆ ಗೊತ್ತು. ಅವರ ಮುಂದಾಳು ಕಾಜಾ ಮಷಿನ್ನಿನ ಹುಡುಗಿ. ದಿನವಿಡೀ ಅಂಗಿಗಳಿಗೆ ಗುಂಡಿತೂತು ಹೊಲಿಯುವ ಅವಳನ್ನು ಎಲ್ಲರೂ ಕಾಜಾ ಎಂದೇ ಕರೆಯುತ್ತಾರೆ. ಶೆಡ್ಡಿಗೆ ಬಂದವಳೇ ಬ್ಯಾನರುಗಳನ್ನು ಎಳೆದು ಬಿಸಾಕಿ, ಗಾಡಿಯ ಸೀಟಿನ ಧೂಳನ್ನು ಅಂಗೈಯಿಂದ ಒರೆಸಿ, "ಇದು ಮುಂದೆ ಹೋಗ್ಬೇಕು. ಇದನ್ನ ಓಡಿಸ್ತಿದ್ದ ಆ ಅಮ್ಮನೇ ಓಡಿಸ್ಬೇಕು" ಅಂದಳು. ಆ ಅಮ್ಮನಿಗೆ ನಾನು ಫೋನ್ ಮಾಡಿದೆ. ಆ ಅಮ್ಮ ಏನಂದಳು? "ನಾನು ಇಂಜಿನ್ ಕೆಡಿಸಿದವಳು. ಮೆರವಣಿಗೆ ಮುರಿದವಳು. ಬೇರೆ ಯಾರನ್ನಾದ್ರೂ ಕೂರಿಸಿ" ಅಂದಳು. ಆಮೇಲೆ ಮಾತು ತಿರುಗಿಸಿ, ನಿನ್ನ ನೆಗಡಿ ಹೋಯ್ತಾ ಪುಟ್ಟೀ ಅಂತ ಕೇಳಿದಳು.

ನನ್ನ ನೆಗಡಿ ಹೋಗಿದೆ ಚಿಕ್ಕಮ್ಮಾ. ನಿನ್ನ ಸುಳ್ಳೂ ಹೋಗಿದೆ. ನೀನು ಇಂಜಿನ್ ಕೆಡಿಸಿರಲಿಲ್ಲ. ಮತ್ತೆ ಹೇಳುತ್ತೇನೆ, ಬೀದಿಯಲ್ಲಿ ಕೂಗುವ ಹಾಗೆ ಹೇಳುತ್ತೇನೆ: ನೀನು ಇಂಜಿನ್ ಕೆಡಿಸಿರಲಿಲ್ಲ!

ಗಾಡಿ ಯೂನಿಯನ್ನಿಗೆ ಬಂದ ದಿನ ನನ್ನ ಕಣ್ಣಲ್ಲಿದೆ. ನೂಲಿನ ಗಿರಣಿಯ ಒಂದು ಗೇಟಿನಿಂದ ಇನ್ನೊಂದಕ್ಕೆ ಕರಪತ್ರ ಹೊತ್ತು ಸೈಕಲ್ ತುಳಿದು ನಿನ್ನ ಮೊಣಕಾಲು ಊದಿತ್ತು. ಆಗಲೇ ಮುದಿಯಾಗಿದ್ದ ಆ ಮೋಟಾರ್ ಸೈಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿದಾಗ ಗಂಡಸರೆಲ್ಲ ಸುತ್ತ ನಿಂತು ಟ್ಯಾಂಕು ತಟ್ಟಿದ್ದೇ ತಟ್ಟಿದ್ದು, ಹಾರ್ನ್ ಒತ್ತಿದ್ದೇ ಒತ್ತಿದ್ದು. ಯಾರು ಓಡಿಸಬೇಕು ಅಂತ ಚರ್ಚೆ ಶುರುವಾಗುವ ಮೊದಲೇ ನೀನು ಹೋಗಿ ಕೂತುಬಿಟ್ಟೆ. "ಕರಪತ್ರ ಹಂಚೋದು ನಾನು. ಓಡಿಸೋದೂ ನಾನೇ. ಚರ್ಚೆ ಬೇಕಾದ್ರೆ ನಾನು ಹೋದ್ಮೇಲೆ ಮಾಡ್ಕೊಳ್ಳಿ" ಅಂದು ಕಿಕ್ ಹೊಡೆದೆ. ಅಂಗಳದ ತುಂಬ ಹೊಗೆ. ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುತ್ತಿದ್ದವರೆಲ್ಲ ಕೆಮ್ಮುತ್ತ ನಿಂತಿದ್ದರು.

ನಿನ್ನ ಪದ್ಧತಿಗಳನ್ನು ನಾನು ಅಲ್ಲಿಂದ ಕಲಿತೆ. ಬೆಳಗ್ಗೆ ಎದ್ದು ನೀನು ನೀರು ಕುಡಿಯುವ ಮೊದಲು ಗಾಡಿಯ ಎಣ್ಣೆ ನೋಡುತ್ತಿದ್ದೆ. ಯಾವ ನಟ್ಟು ಬಿಗಿದರೂ ಅದರ ಮೇಲೆ ಬ್ಯಾನರ್ ಬರೆಯುವ ಕೆಂಪು ಬಣ್ಣದ ಒಂದು ಚುಕ್ಕಿ ಇಡುತ್ತಿದ್ದೆ, ಅರ್ಧ ನಟ್ಟಿನ ಮೇಲೆ, ಅರ್ಧ ಪಕ್ಕದ ಲೋಹದ ಮೇಲೆ. ನಟ್ಟು ಅಲುಗಿದರೆ ಚುಕ್ಕಿ ಒಡೆದು ಎರಡು ಹೋಳಾಗಿ ಕಾಣುತ್ತದೆ. ಬೇರೆ ಯಾರೂ ಹಾಗೆ ಚುಕ್ಕಿ ಇಡುತ್ತಿರಲಿಲ್ಲ. "ಚುಕ್ಕಿ ಇಡದ ಗಾಡಿ ಗೇಟು ದಾಟಬಾರ್ದು" ಅಂತ ನಿನ್ನ ಕಟ್ಟಪ್ಪಣೆ. ನಮ್ಮ ಗಂಡಸರು ನಗುತ್ತಿದ್ದರು: "ಗಾಡಿಗೆ ದೃಷ್ಟಿಬೊಟ್ಟು ಇಡ್ತಾಳೆ ನೋಡ್ರೋ!"

ಆಮೇಲೆ ಕಾಲು ಸುಟ್ಟಿತು. ಗಾಳಿಗೆ ತಣಿಯುವ ಇಂಜಿನ್ ಅದು. ಮೆರವಣಿಗೆಯ ಮುಂದೆ ನಡೆಯುವವರ ಹೆಜ್ಜೆಗೆ ಸರಿಯಾಗಿ ತೆವಳಬೇಕಾದರೆ ಗಾಳಿ ಎಲ್ಲಿಂದ ಬರಬೇಕು? ಕಾದು ಕೆಂಡವಾಗುತ್ತಿತ್ತು. ನಿನ್ನ ಮೀನಖಂಡದ ತುಂಬ ಬೊಬ್ಬೆ. ಚಿಕ್ಕಪ್ಪ ಕೋಲ್ಡ್ ಸ್ಟೋರೇಜಿನ ಮೆಕ್ಯಾನಿಕ್. ಕಡು ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡೇ ಮನೆಗೆ ಬರುತ್ತಿದ್ದರು, ಬೀದಿಯ ಹುಡುಗರು "ಚಳಿ ಮಾಮ ಬಂದ್ರು" ಅಂತ ಕೂಗುತ್ತಿದ್ದರು. ಬಂದವರೇ ನಿನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಮಂಜಿನಂಥ ಅಂಗೈಗಳನ್ನು ಬೊಬ್ಬೆಯ ಸುತ್ತ ಇಟ್ಟು ಕೂರುತ್ತಿದ್ದರು. ಬಾಯಲ್ಲಿ ಮಾತೇ ಇಲ್ಲದ ಮನುಷ್ಯ. ಕೈಗಳಲ್ಲಿ ಎಷ್ಟಿತ್ತು!

ಆ ಕೈಗಳೇ ಕೂಲರ್ ಮಾಡಿದ್ದು. ಹಳೆಯ ತಂಪುಕೋಣೆಯ ತಾಮ್ರದ ಸುರುಳಿ ತಂದು, ಬಗ್ಗಿಸಿ, ಬೆಸೆದು ಇಂಜಿನ್ನಿನ ಮುಂದೆ ಕೂರಿಸಿದರು. ಬಿಸಿ ಎಣ್ಣೆ ಒಂದು ಪೈಪಿನಲ್ಲಿ ಹೊರಬಂದು, ಸುರುಳಿಯೊಳಗೆ ಸುತ್ತಾಡಿ ತಣಿದು, ಇನ್ನೊಂದು ಪೈಪಿನಲ್ಲಿ ವಾಪಸ್ ಹೋಗಬೇಕು. ಬೆಸುಗೆ ಎಷ್ಟು ನಾಜೂಕಾಗಿತ್ತೆಂದರೆ ಒಡವೆ ಮಾಡುವವರೂ ತಲೆದೂಗಬೇಕು. ಆದರೆ ಅವರ ಕಸುಬಿನಲ್ಲಿ ಸುರುಳಿಯನ್ನು ಒಮ್ಮೆ ಬೆಸೆದರೆ ಮುಗಿಯಿತು. ಅದರೊಳಗೆ ಹರಿಯುವುದು ಶುದ್ಧ ಗ್ಯಾಸು, ಕಸ ಸುಳಿಯುವ ಮಾತೇ ಇಲ್ಲ, ಬಿಚ್ಚಿದರೇ ಕೆಡುತ್ತದೆ. ಅದೇ ಅಭ್ಯಾಸ ಇಲ್ಲಿಗೂ ಬಂತು. ಸಣ್ಣ ಕೊಳವೆ, ತಿರುವಿನ ಮೇಲೆ ತಿರುವು, ಒಳಗನ್ನು ತೊಳೆಯಲು ಎಲ್ಲೂ ದಾರಿ ಇಲ್ಲ. ಎಣ್ಣೆಗೆ ಮಾಡಬೇಕಾದದ್ದನ್ನು ಚಿಕ್ಕಪ್ಪ ಗ್ಯಾಸಿಗೆ ಮಾಡುವ ಹಾಗೆ ಮಾಡಿದರು. ಇಷ್ಟೇ ಅವರ ತಪ್ಪು.

ಮೊದಲ ಸಲ ಇಂಜಿನ್ ಹಿಡಿದುಕೊಂಡು ತಿರುಗದಾದದ್ದು ಯಾರ ತಪ್ಪೂ ಅಲ್ಲ. ಮುದಿ ಬೇರಿಂಗು ಸವೆದು ಪುಡಿಯಾಗಿತ್ತು. ನಮ್ಮ ಮೆಕ್ಯಾನಿಕ್ ವಟವಟ ಇಂಜಿನ್ನನ್ನು ಪೂರ್ತಿ ಬಿಚ್ಚಿ, ತೊಳೆದು, ಹೊಸ ಬೇರಿಂಗು ಹಾಕಿ ಕಟ್ಟಿದ. ಬಾಯಿ ಮುಚ್ಚಿದರೆ ಸ್ಪ್ಯಾನರ್ ತಿರುಗಿಸಲಾಗದ ಮನುಷ್ಯ, ಅದಕ್ಕೇ ಆ ಹೆಸರು. ಕೂಲರಿಗೂ ಕೈ ಹಾಕಲು ಹೋದಾಗ ಚಿಕ್ಕಪ್ಪ ತಡೆದರು: "ಅದನ್ನ ಬಿಚ್ಚಬೇಡ್ವೋ, ಸೀಲ್ ಮಾಡಿರೋದು." ವಟವಟ ಬಿಟ್ಟ.

ಆಮೇಲೆ ಗಿರಣಿ ಮುಷ್ಕರದ ಆ ದಿನ. ಮಾಲೀಕರು ಗಿರಣಿಯ ಮಷಿನ್ನುಗಳನ್ನು ಲಾರಿಗೆ ಹೇರಿ ಸಾಗಿಸುವ ಮೊದಲು ನಾವು ಗೇಟು ಮುಟ್ಟಬೇಕಿತ್ತು. ಸಾವಿರಾರು ಜನ, ಮುಂದೆ ನೀನು, ಗಾಡಿಯ ಎರಡೂ ಬದಿಗೆ ಕಟ್ಟಿದ ಬ್ಯಾನರು. ಕಿರಿದಾದ ಸೇತುವೆಯ ನಟ್ಟನಡುವೆ ಇಂಜಿನ್ ಕಿರುಚಿ ನಿಂತಿತು. ಚಕ್ರ ತಿರುಗಲಿಲ್ಲ, ತಳ್ಳಿದರೂ ಬರಲಿಲ್ಲ. ಹಿಂದಿನ ಸಾಲು ಮುಂದಿನ ಸಾಲಿನ ಮೇಲೆ ಬಿತ್ತು, ಘೋಷಣೆ ಕತ್ತರಿಸಿಹೋಯಿತು, ಅಷ್ಟರಲ್ಲಿ ಪೊಲೀಸರು ಸೇತುವೆಯ ಆ ತುದಿಗೆ ಬೇಲಿ ಎಳೆದರು. ಲಾರಿಗಳು ಹೋಗುವುದನ್ನು ನಾವು ಕಂಬಿಗಳ ಸಂದಿಯಿಂದ ನೋಡಿದೆವು.

ಆಮೇಲಿನ ಮೀಟಿಂಗಿನಲ್ಲಿ ನಾನು ಗೋಡೆಯ ಪಕ್ಕ ಕೂತು ಬ್ಯಾನರಿಗೆ ಅಕ್ಷರ ತುಂಬುತ್ತಿದ್ದೆ. ಆ ಮುಷ್ಕರದಲ್ಲಿ ಕೆಂಪು ಬಣ್ಣ ಮುಗಿಯುತ್ತ ಬಂದು, ಸೇತುವೆಯಿಂದ ಬಂದ ಮೇಲಷ್ಟೇ ಉಳಿದ ಚೂರಿಗೆ ಕಿತ್ತಳೆ ಬೆರೆಸಿಕೊಂಡಿದ್ದೆವು, ನೆನಪಿಟ್ಟುಕೋ. ಕಾರ್ಯದರ್ಶಿ ದೊಡ್ಡಣ್ಣ ಎದ್ದು ನಿಂತು ಅಂದರು: "ಎಣ್ಣೆ ನೋಡದೆ ಓಡಿಸಿದ್ದಾಳೆ. ಹೆಂಗಸರ ಕೈಗೆ ಇಂಜಿನ್ ಕೊಟ್ರೆ ಇಷ್ಟೇ." ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಸಂಗಾತಿ, ಸಂಗಾತಿ ಅಂತ ನಿನ್ನನ್ನು ಕರೆಯುತ್ತಿದ್ದ ನಾಲಿಗೆಗಳೆಲ್ಲ ಒಟ್ಟಿಗೇ ಒಣಗಿದವು. ಹಿಂದಿನ ಸಾಲಿನಲ್ಲಿ ಚಿಕ್ಕಪ್ಪ ಸ್ವೆಟರಿನಲ್ಲೇ ಕೂತಿದ್ದರು. ನೀನು ಒಮ್ಮೆ ತಿರುಗಿ ಅವರನ್ನು ನೋಡಿದೆ. ಆಮೇಲೆ "ನನ್ನದೇ ತಪ್ಪು" ಅಂದು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದೆ. ಜಗಳಕ್ಕೆ ನಿಂತರೆ ಪೊಲೀಸ್ ಜೀಪನ್ನೇ ಹಿಮ್ಮೆಟ್ಟಿಸುವ ಹೆಂಗಸು ಅಷ್ಟು ಸುಲಭಕ್ಕೆ ಸೋಲುವುದೇ? ನನಗೆ ಅವತ್ತು ಅರ್ಥವಾಗಿರಲಿಲ್ಲ.

ಈಗ ಈ ವಾರಕ್ಕೆ ಬಾ. ವಟವಟ ತಲೆ ನೆರೆತರೂ ಬಾಯಿ ನೆರೆಯದವನು, ಇಂಜಿನ್ನನ್ನು ಮತ್ತೆ ಹೊಸದಾಗಿ ಕಟ್ಟಿದ. ಕಟ್ಟುವಾಗ ಉದ್ದಕ್ಕೂ ಹಳೇ ರಾಗ: "ಇಂಜಿನ್ ನಂದು ಗಟ್ಟಿ, ಓಡಿಸೋರು ಸರಿ ಇರ್ಬೇಕು. ನಿಮ್ಮ ಚಿಕ್ಕಮ್ಮ ಒಳ್ಳೇವ್ರೇ, ಆದ್ರೆ..." ಆ 'ಆದ್ರೆ' ಕೇಳಿದಾಗಲೆಲ್ಲ ನನಗೆ ಸುತ್ತಿಗೆ ಎಲ್ಲಿದೆ ಅಂತ ಹುಡುಕುವಂತಾಗುತ್ತಿತ್ತು. ಬೀಗದ ಕೈ ಇರಲಿಲ್ಲ, ವೈರು ಜೋಡಿಸಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಶುರು ಮಾಡಿದೆವು. ಮೊದಲು ಸೊಗಸಾಗಿ ಮಿಡಿಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಸಣ್ಣ ಟಿಕ್ ಟಿಕ್. ಕಾಜಾ ಕಿವಿ ನಿಮಿರಿಸಿದಳು: "ಹೊಲಿಗೆ ಮಷಿನ್ನಲ್ಲಿ ಸೂಜಿ ತಟ್ಟೆಗೆ ತಗುಲೋ ಸದ್ದು ಇದು. ನಿಲ್ಸಿ, ನಿಲ್ಸಿ!" ನಿಲ್ಲಿಸಿ ಎಣ್ಣೆ ಇಳಿಸಿ ಬಿಳಿ ಬಟ್ಟೆಯ ಮೇಲೆ ಸೋಸಿದೆವು. ಹೊಸ ಎಣ್ಣೆ, ತೊಳೆದ ಇಂಜಿನ್, ಆದರೂ ಬಟ್ಟೆಯ ಮೇಲೆ ಮಿಣಮಿಣ ಲೋಹದ ಪುಡಿ!

ವಟವಟ ಅಭ್ಯಾಸಬಲದಿಂದ ಬಾಯಿ ತೆರೆದ: "ಇದು ಓಡಿಸೋರ..." ಕಾಜಾ ಅಲ್ಲೇ ಹಿಡಿದಳು. "ಯಾರಣ್ಣಾ ಓಡಿಸಿದ್ದು? ಸ್ಟ್ಯಾಂಡಿನ ಮೇಲೆ ನಿಂತಿರೋ ಗಾಡಿಗೆ ಎಣ್ಣೆ ಹಾಕೋದನ್ನ ಯಾವ ಹೆಂಗಸು ಮರೆತ್ಳು, ಹೇಳಿ ನೋಡೋಣ?"

ಚಿಕ್ಕಮ್ಮಾ, ಇಷ್ಟು ವರ್ಷಗಳಲ್ಲಿ ಮೊದಲ ಸಲ ವಟವಟನ ಬಾಯಿ ಮುಚ್ಚಿತು. ಮೂವರೂ ಒಟ್ಟಿಗೆ ಕೂಲರಿನ ಕಡೆ ತಿರುಗಿದೆವು.

ನಿನ್ನ ಮಾತು ನೆನಪಾಯಿತು. ಕೈ ಮುರಿದರೆ ಮುರಿಯಲಿ ಅಂತ ಸ್ಪ್ಯಾನರ್ ಹಾಕಿದೆ. ಸುರುಳಿಯನ್ನು ಕಳಚಿ ಅಲುಗಿಸಿದರೆ ಒಳಗೆ ಮರಳಿನ ಸದ್ದು. ಪೆಟ್ರೋಲ್ ಸುರಿದು ಬಗ್ಗಿಸಿದರೆ ಪುಡಿ, ಮತ್ತೆ ಸುರಿದರೆ ಮತ್ತೆ ಪುಡಿ. ಎಷ್ಟು ತೊಳೆದರೂ ಮುಗಿಯಲಿಲ್ಲ. ಮೊದಲ ಸಲ ಪುಡಿಯಾದ ಬೇರಿಂಗು ಅಲ್ಲಿ ಅಡಗಿ ಕೂತಿತ್ತು. ಇಂಜಿನ್ ಎಷ್ಟು ಸಲ ಹೊಸದಾದರೂ ಅದಕ್ಕೆ ಅದೇ ವಿಷವನ್ನು ಉಣಿಸುತ್ತಿತ್ತು. ಸೇತುವೆಯ ಮೇಲೆ ನಿನ್ನನ್ನು ನಿಲ್ಲಿಸಿದ್ದು ಅದು!

ನಾನು ಕುಣಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಎಣ್ಣೆಯ ಬಟ್ಟೆಯನ್ನು ಬಾವುಟದ ಹಾಗೆ ಬೀಸುತ್ತ ಶೆಡ್ಡಿನ ತುಂಬ ಕುಣಿದೆ. ಕಾಜಾ ಸಿಳ್ಳೆ ಹೊಡೆದಳು. ವಟವಟ ಮಾತ್ರ ಸುರುಳಿಯ ಕೆಳಗಿನ ಪೈಪಿನಲ್ಲಿ ನಾನು ಬಿಚ್ಚದೆ ಬಿಟ್ಟಿದ್ದ ನಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತ ಕೂತಿದ್ದ. "ಇಲ್ನೋಡು" ಅಂದ, ಪಿಸುದನಿಯಲ್ಲಿ.

ನಟ್ಟಿನ ಮೇಲೆ ನಿನ್ನ ಚುಕ್ಕಿ ಇತ್ತು. ಒಂದಲ್ಲ, ಎರಡು. ಒಂದು ಹಳೆಯ ಅಚ್ಚ ಕೆಂಪು, ಒಡೆದು ಎರಡು ಹೋಳಾಗಿ ದೂರ ಸರಿದಿತ್ತು. ಅದರ ಪಕ್ಕ ಇನ್ನೊಂದು, ಪೂರ್ತಿ, ದುಂಡಗೆ, ಕಿತ್ತಳೆ ಬೆರೆತ ಕೆಂಪು.

ಸೇತುವೆಯಿಂದ ಬಂದ ಮೇಲಿನ ಬಣ್ಣ. ನಾನೇ ಕಲಸಿದ ಬಣ್ಣ.

ಅಂದರೆ ಗಾಡಿ ಸೇತುವೆಯ ಮೇಲೆ ನಿಂತ ಮೇಲೆ, ಮೀಟಿಂಗಿಗೆ ಮೊದಲು, ಬೀಗದ ಕೈ ಇನ್ನೂ ನಿನ್ನ ಬಳಿ ಇದ್ದಾಗಲೇ, ನೀನೇ ಕೂಲರ್ ಬಿಚ್ಚಿದ್ದೆ. ನಾನು ಕಂಡದ್ದನ್ನು ನೀನು ಆಗಲೇ ಕಂಡಿದ್ದೆ. ಮತ್ತೆ ಬಿಗಿದು, ಪದ್ಧತಿ ಬಿಡದೆ ಚುಕ್ಕಿ ಇಟ್ಟು, ಕೈ ತೊಳೆದು, ಮೀಟಿಂಗಿಗೆ ಬಂದು "ನನ್ನದೇ ತಪ್ಪು" ಅಂದೆ. ಚಿಕ್ಕಪ್ಪ ಕೆಲಸ ಮಾಡುತ್ತಿದ್ದ ಕೋಲ್ಡ್ ಸ್ಟೋರೇಜು ಗಿರಣಿ ಮಾಲೀಕನ ಭಾಮೈದನದು. ಲಾರಿಗಳು ಹೋಗಿದ್ದವು, ಜನ ಯಾರನ್ನಾದರೂ ಹರಿದು ಹಾಕಲು ಕಾದಿದ್ದರು. ಕೂಲರಿನ ಹೆಸರು ಎತ್ತಿದ್ದರೆ ಆ ಮೂಗನಂಥ ಮನುಷ್ಯನ ಹಣೆಗೆ ಮಾಲೀಕರ ಏಜೆಂಟ್ ಅಂತ ಬರೆದುಬಿಡುತ್ತಿದ್ದರು. ಹೌದು ತಾನೆ? ಅವರು ತೀರಿಕೊಳ್ಳುವವರೆಗೂ ನೀನು ಅವರಿಗೂ ಹೇಳಲಿಲ್ಲ. ತೀರಿಕೊಂಡ ಮೇಲೂ ಯಾರಿಗೂ ಹೇಳಲಿಲ್ಲ.

ನನಗೆ ನಿನ್ನ ಮೇಲೆ ಸಿಟ್ಟಿದೆ. ಪ್ರೀತಿ ಅಂತ ಹೇಳಿ ನನ್ನ ಬಾಯಿ ಮುಚ್ಚಿಸಬೇಡ. ಒಬ್ಬ ಗಂಡಸನ್ನು ಉಳಿಸಲು ಒಬ್ಬ ಹೆಂಗಸು ತನ್ನ ಹೆಸರನ್ನು ಕೆಸರಿಗೆ ಹಾಕಿಕೊಂಡಳು, ಆ ಕೆಸರನ್ನು ತೋರಿಸಿ ಯೂನಿಯನ್ನಿನ ಗಂಡಸರು ನಿನ್ನ ಹಿಂದೆ ಬಂದ ಹೆಣ್ಣುಮಕ್ಕಳಿಗೆಲ್ಲ ಬೀಗದ ಕೈ ಕೊಡಲಿಲ್ಲ. "ಅವಳು ಮಾಡಿದ್ದು ಗೊತ್ತಲ್ಲ" ಅಂದರು. ನಿನ್ನ ಮೌನ ನಮ್ಮ ಮೇಲೂ ಬಿತ್ತು. ಇದನ್ನು ಹೇಳದೆ ಬಿಟ್ಟರೆ ನೀನು ನನಗೆ ಕಲಿಸಿದ್ದೆಲ್ಲ ದಂಡ. ಹೇಳಿದ್ದಾಯಿತು. ಇನ್ನು ನನ್ನ ಸಿಟ್ಟು ಇಳಿಯಿತು, ಮುಂದೆ ಓದು.

ದೊಡ್ಡಣ್ಣನನ್ನು ಕರೆಸಿದೆ. ಕೋಲೂರಿಕೊಂಡು ಬಂದರು. ಬಟ್ಟೆಯ ಮೇಲಿನ ಪುಡಿ ತೋರಿಸಿದೆ, ಚುಕ್ಕಿ ತೋರಿಸಿದೆ. ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಅವತ್ತು ಅವಳು ಯಾಕೆ ಬಾಯಿ ಬಿಡ್ಲಿಲ್ಲ?" ಅಂದರು. ನನ್ನ ಸಿಟ್ಟು ನೆತ್ತಿಗೇರಿತು. "ನೀವು ಕೇಳಿದ್ರಾ? ತೀರ್ಪು ಕೊಡೋ ಮುಂಚೆ ಒಂದೇ ಒಂದು ಸಲ ಕೇಳಿದ್ರಾ?" ಅಂತ ಕೂಗಿದೆ. ಅವರು ಕೋಲನ್ನು ಬೆಂಚಿಗೆ ಒರಗಿಸಿದರು. "ಇಲ್ಲ. ಇದು ಅವತ್ತು ಗೊತ್ತಾಗಿದ್ರೆ ಅವಳ ಗಂಡನನ್ನ ಉಳಿಸ್ತಿರ್ಲಿಲ್ಲ ನಾವು. ಅದು ಅವಳಿಗೆ ಗೊತ್ತಿತ್ತು" ಅಂದರು. ಆಮೇಲೆ ಸೊಂಟದ ಗೊಂಚಲಿನಿಂದ ಗಾಡಿಯ ಬೀಗದ ಕೈ ಬಿಡಿಸಿ ನನ್ನ ಕೈಗಿಟ್ಟು, "ಭಾನುವಾರ ಮೈಕಿನಲ್ಲೇ ಹೇಳ್ತೀನಿ" ಅಂದರು. ನಾನು ಅಷ್ಟು ಸುಲಭಕ್ಕೆ ಬಿಡುವವಳೇ? "ಮೊದಲು ಅವಳ ಮುಂದೆ ಹೇಳಿ, ಮೈಕು ಆಮೇಲೆ" ಅಂದೆ. ತಲೆ ಆಡಿಸಿದರು. ಏನು ಹೇಳಬೇಕು, ಚಿಕ್ಕಪ್ಪನ ಹೆಸರು ಬರಬೇಕೋ ಬಾರದೋ, ಅದು ನಿನ್ನ ತೀರ್ಮಾನ. ಆದರೆ ನಿನ್ನ ಮೇಲೆ ಹೊರಿಸಿದ್ದು ಸುಳ್ಳು ಅನ್ನುವುದಂತೂ ಬೀದಿಯಲ್ಲಿ ಕೇಳಬೇಕು. ಅದರಲ್ಲಿ ರಾಜಿ ಇಲ್ಲ.

ಈಗ ಗಾಡಿಯ ವಿಷಯ, ನಿನಗೆ ಅದೇ ತಾನೆ ಮುಖ್ಯ! ಕೂಲರಿಗೆ ಹೋಗುತ್ತಿದ್ದ ಪೈಪು, ಅಲ್ಲಿಂದ ಬರುತ್ತಿದ್ದ ಪೈಪು ಎರಡನ್ನೂ ತೆಗೆದು, ಆ ಎರಡು ಬಾಯಿಗಳನ್ನು ಒಂದೇ ಗಿಡ್ಡ ಪೈಪಿನಿಂದ ಜೋಡಿಸಿದ್ದೇವೆ. ಎಣ್ಣೆ ಹೊರಬಂದು ಅಲ್ಲೇ ತಿರುಗಿ ಒಳಗೆ ಹೋಗುತ್ತದೆ. "ಕೂಲರ್ ಇಲ್ದೆ ಹುಟ್ಟಿದ ಗಾಡಿ ಇದು, ಕೂಲರ್ ಇಲ್ದೇನೇ ಬದುಕುತ್ತೆ" ಅನ್ನುತ್ತಾನೆ ವಟವಟ. ಅವನ ಮಾತು ಮತ್ತೆ ಶುರುವಾಗಿದೆ, ಈಗ ಪೂರ್ತಿ ನಿನ್ನ ಪರ! ಇಂಜಿನ್ನನ್ನು ಇನ್ನೊಮ್ಮೆ ಬಿಚ್ಚಿ ತೊಳೆದ. ಬೇರಿಂಗು ಉಳಿದಿತ್ತು, ಕಾಜಾಳ ಕಿವಿ ಉಳಿಸಿತ್ತು. ಇವತ್ತು ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಹೆಣ್ಣುಮಕ್ಕಳೆಲ್ಲ ಗೇಟು ದಾಟದೆ, ಶೆಡ್ಡಿನ ಹಿಂದೆ ಕಾಂಪೌಂಡಿನೊಳಗಿನ ರಸ್ತೆಯಲ್ಲೇ ಸುಳ್ಳುಸುಳ್ಳೇ ಮೆರವಣಿಗೆ ಹೊರಟರು. ನಾನು ಮುಂದೆ ಅವರ ಹೆಜ್ಜೆಗೆ ಸರಿಯಾಗಿ ಗಾಡಿ ತೆವಳಿಸಿದೆ. ತಿರುವು ಬಂದಾಗಲೆಲ್ಲ ಇಂಜಿನ್ ನಿಲ್ಲಿಸುವುದು, ಅದು ಉಸಿರಾಡುವವರೆಗೆ ನಾವು ಘೋಷಣೆ ಕೂಗುವುದು. ಇಂಜಿನ್ ತಣಿಯಿತು, ನಾವು ಕಾದೆವು! ಮತ್ತೆ ಎಣ್ಣೆ ಸೋಸಿದೆವು. ಬಟ್ಟೆಯ ಮೇಲೆ ಒಂದು ಮಿಣುಕೂ ಇಲ್ಲ. ಕಾಜಾ ಆ ಬಟ್ಟೆಯನ್ನು ಎಲ್ಲರಿಗೂ ತೋರಿಸುತ್ತ ರಸ್ತೆಯುದ್ದಕ್ಕೂ ಓಡಿದಳು.

ನಿನ್ನ ಕಾಲಿನ ಚಿಂತೆ ಬೇಡ. ಇಸ್ತ್ರಿ ಮೇಜಿಗೆ ಹಾಸುವ ದಪ್ಪ ಬಟ್ಟೆಯನ್ನು ಪದರ ಪದರ ಇಟ್ಟು, ಮಷಿನ್ನಿನಲ್ಲಿ ಒತ್ತೊತ್ತಾಗಿ ಹೊಲಿದು, ಮೊಣಕಾಲಿನಿಂದ ಹಿಮ್ಮಡಿಯವರೆಗೆ ಬರುವ ಕವಚ ಮಾಡಿದ್ದಾರೆ. ಪಕ್ಕದಲ್ಲಿ ಗುಂಡಿ, ಕಾಜಾಳದೇ ಕಾಜಾ. ಚಿಕ್ಕಪ್ಪ ಇದನ್ನು ಕಂಡಿದ್ದರೆ ಏನೂ ಅನ್ನುತ್ತಿರಲಿಲ್ಲ. ತಿರುಗಿಸಿ ಮುರುಗಿಸಿ ಹೊಲಿಗೆ ನೋಡಿ, ತಣ್ಣನೆಯ ಕೈಯಿಂದ ಒಮ್ಮೆ ಸವರುತ್ತಿದ್ದರು.

ಅವರ ಸುರುಳಿಯನ್ನು ಗುಜರಿಗೆ ಹಾಕಿಲ್ಲ. ಎರಡೂ ಬಾಯಿಗೆ ಬಟ್ಟೆ ತುರುಕಿ, ಒರೆಸಿ, ಶೆಡ್ಡಿನ ಹಲಗೆಯ ಮೇಲಿಟ್ಟಿದ್ದೇವೆ. ತಾಮ್ರ ಹೊಳೆಯುತ್ತಿದೆ. ಅದು ಎಲ್ಲಿರಬೇಕು ಅನ್ನುವುದೂ ನಿನ್ನದೇ ತೀರ್ಮಾನ.

ಇನ್ನೊಂದು ಕೆಲಸ ಮಾತ್ರ ಉಳಿದಿದೆ. ಹೊಸ ಪೈಪನ್ನು ಹಿಡಿದಿಡುವ ಕ್ಲಾಂಪುಗಳ ನಟ್ಟುಗಳನ್ನು ವಟವಟ ಬಿಗಿದಿದ್ದಾನೆ, ನಾನು ಎಳೆದು ನೋಡಿದ್ದೇನೆ, ಗಟ್ಟಿಯಾಗಿವೆ. ಚುಕ್ಕಿ ಇಟ್ಟಿಲ್ಲ. ಕಾಜಾ ಕುಂಚ ಎತ್ತಿಕೊಂಡಿದ್ದಳು, ನಾನು ಬಿಡಲಿಲ್ಲ. ಹೊಸ ಡಬ್ಬಿ ಕೆಂಪು ಬಣ್ಣ ತೆರೆದು, ಕಲಸಿ, ಮುಚ್ಚಳ ಹಾಕಿ ಸೀಟಿನ ಮೇಲಿಟ್ಟಿದ್ದೇನೆ. ಈ ಸಲ ಬೆರಕೆ ಇಲ್ಲ, ಅಚ್ಚ ಕೆಂಪು. ಚುಕ್ಕಿ ಇಡದ ಗಾಡಿ ಗೇಟು ದಾಟಬಾರದು, ಅಪ್ಪಣೆ ನಿನ್ನದೇ. ಭಾನುವಾರ ನಾವೆಲ್ಲ ಗೇಟಿನ ಒಳಗೇ ನಿಂತಿರುತ್ತೇವೆ.

ನಿನ್ನ ಕಾಲಿಗೆ ಬಲ ಬರಲಿ, ದನಿಗೆ ಬೆಂಕಿ ಬರಲಿ. ಬೇಗ ಬಾ.

ಕೈ ಮುರಿಸಿಕೊಳ್ಳಲು ಕಾದಿರುವ,
ನಿನ್ನ ಪುಟ್ಟಿ